ತಲೆ ಬಗ್ಗಿಸಬಾರದ ವರ್ಷ

ಭವಿತಾ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಅಂಗಡಿ ಪುತ್ತೂರಿನ ದರ್ಬೆಯಲ್ಲಿ, ಮುಖ್ಯರಸ್ತೆಗೆ ತಾಗಿಕೊಂಡ ಕಟ್ಟಡದ ನೆಲ ಅಂತಸ್ತಿನಲ್ಲಿತ್ತು. ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಕೂರಿಸುವುದು, ಕಿವಿಯ ಹಿಂದೆ ಕಡ್ಡಿ ಎಲ್ಲಿ ಒತ್ತುತ್ತದೆ ಎಂದು ಬೆರಳಿನಿಂದ ಮುಟ್ಟಿ ನೋಡುವುದು, ಬಿಸಿ ಮಾಡಿ ಅಷ್ಟೇ ಬಗ್ಗಿಸಿ ಕೊಡುವುದು ಅವಳ ಕೆಲಸ. ಅವಳು ಸರಿಮಾಡಿ ಕೊಟ್ಟ ಕನ್ನಡಕ ಮತ್ತೆ ಜಾರುತ್ತಿರಲಿಲ್ಲ ಎಂದು ಜೊತೆಗೆ ಕೆಲಸ ಮಾಡುವ ಜಸೀನಾ ಈಗಲೂ ಹೇಳುತ್ತಾಳೆ.

ಅದೇ ಕಟ್ಟಡದ ಮಹಡಿಯಲ್ಲಿ ಸುಪ್ರಿತಾ ಅವರ ಬ್ಯೂಟಿ ಪಾರ್ಲರ್. ‘ಕರುನಾಡ ಸುಂದರಿ’ ಎಂಬ ರಾಜ್ಯಮಟ್ಟದ ಸೌಂದರ್ಯ ಸ್ಪರ್ಧೆಗೆ ಈ ಭಾಗದ ಹುಡುಗಿಯರನ್ನು ಆರಿಸಿ ತಯಾರು ಮಾಡುವ ಜವಾಬ್ದಾರಿಯೂ ಅವರದೇ. ಓದುವ ಕನ್ನಡಕದ ಸ್ಕ್ರೂ ಬಿಗಿ ಮಾಡಿಸಲು ಒಂದು ದಿನ ಕೆಳಗೆ ಬಂದವರು ಸ್ಟೂಲಿನ ಮೇಲೆ ಕೂತಿದ್ದ ಭವಿತಾಳನ್ನು ನೋಡಿದರು.

“ಏಯ್ ಹುಡುಗಿ, ಒಮ್ಮೆ ಎದ್ದು ನಿಲ್ಲು.”

ಅವಳು ಎದ್ದಳು.

“ಇಷ್ಟು ಉದ್ದ ಇಟ್ಕೊಂಡು ಹೀಗೆ ಮುದುಡಿ ಕೂತ್ಕೊಳ್ಳುದಾ? ಎಲ್ಲಿ ನಿನ್ನ ಮನೆ?”

“ಮಂಡೆಕೋಲು.”

“ಅಯ್ಯೋ, ಕೇರಳಕ್ಕೆ ಬಿಟ್ಟುಕೊಡುವಷ್ಟು ದೂರ! ಮುಖ ಪರವಾಗಿಲ್ಲ. ಹಲ್ಲು ತೋರಿಸು.”

“ದನ ತೆಗೊಳ್ಳುವವರ ಹಾಗೆ ನೋಡ್ತಾರೆ ಮಾರಾಯ್ತಿ,” ಎಂದು ಜಸೀನಾ ಆಮೇಲೆ ನಗಾಡಿದಳು. ಭವಿತಾಳೂ ನಕ್ಕಳು. ಆದರೆ ಆ ಸಂಜೆಯಿಂದಲೇ ಮಹಡಿ ಹತ್ತತೊಡಗಿದಳು.

ಮನೆಯಲ್ಲಿ ಅವ್ವ ಕಮಲಾವತಿ, ಅಪ್ಪನ ಅಪ್ಪ ಮಾಯಿಲಪ್ಪ ಗೌಡರು, ಅವಳು. ಅಪ್ಪ ಅವಳ ಸಣ್ಣ ಪ್ರಾಯದಲ್ಲೇ ಜ್ವರ ಬಂದು ತೀರಿಹೋಗಿದ್ದ. ಬೆಳೆಸಿದ್ದು ಅಜ್ಜ. ಸ್ಪರ್ಧೆಯ ವಿಷಯ ಕೇಳಿ ಅವ್ವ ಹೆದರಿದಾಗ ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ್ದು ಒಂದೇ ಪ್ರಶ್ನೆ.

“ಗೆದ್ದರೆ ಎಷ್ಟು ಸಮಯ ಉಂಟು ಈ ಕೆಲಸ?”

“ಒಂದು ವರ್ಷ ಅಜ್ಜ. ಮುಂದಿನ ವರ್ಷ ಗೆದ್ದವಳ ತಲೆಗೆ ನಾನೇ ಕಿರೀಟ ಇಡ್ಬೇಕು. ಅಲ್ಲಿಗೆ ಮುಗೀತು.”

“ಹಾಗಾದ್ರೆ ಹೋಗು. ಆದರೆ ಅರ್ಧದಲ್ಲಿ ಇಳಿಸಿ ಬರುದು ಬೇಡ. ಊರಿನವು ಅದನ್ನೇ ಕಾಯ್ತಾ ಕೂತಿರ್ತವೆ.”

ಅವಳು ಹೂಂ ಎಂದಳು. ಗೆದ್ದಳು ಕೂಡ. ಎರಡನೇ ಸ್ಥಾನ ಕಡಬದ ದೀಪ್ತಿಗೆ ಬಂತು. ಗೆದ್ದವಳು ಯಾವುದೇ ಕಾರಣಕ್ಕೆ ವರ್ಷ ಪೂರೈಸದೆ ಹೋದರೆ ಕಿರೀಟ ಎರಡನೆಯವಳಿಗೆ ಹೋಗುತ್ತದೆ, ಮೊದಲಿನವಳ ಹೆಸರು ವಿಜೇತರ ಸಾಲಿನಲ್ಲಿ ಉಳಿಯುವುದಿಲ್ಲ. ಮೊದಲ ದಿನವೇ ಭವಿತಾಳಿಗೆ ಇದನ್ನು ಓದಿ ಹೇಳಿ ಸಹಿ ಹಾಕಿಸಿಕೊಂಡಿದ್ದರು.

ಸುಂದರಿಯ ಕೆಲಸ ಎಂದರೆ ಹೊರಗಿನವರಿಗೆ ಕೈಬೀಸುವುದಷ್ಟೇ ಕಾಣುತ್ತದೆ. ಭವಿತಾಳ ವರ್ಷದ ಹೆಚ್ಚಿನ ಪಾಲು ಕಾಯುವುದರಲ್ಲೇ ಕಳೆಯಿತು. ಬಟ್ಟೆ ಅಂಗಡಿಯ ಉದ್ಘಾಟನೆ, ಕಾಲೇಜಿನ ವಾರ್ಷಿಕೋತ್ಸವ, ರಕ್ತದಾನ ಶಿಬಿರ, ಚಿನ್ನದ ಅಂಗಡಿಯ ಲಕ್ಕಿ ಡ್ರಾ, ಎಲ್ಲಿಗೇ ಆದರೂ ಜನ ಸೇರುವ ಮೊದಲೇ ಹೋಗಿ ಅಲಂಕಾರ ಮುಗಿಸಿ, ಯಾವುದಾದರೂ ಗೋದಾಮಿನಲ್ಲೋ ತರಗತಿ ಕೋಣೆಯಲ್ಲೋ ನಿಂತಿರಬೇಕು. ಕೂತರೆ ಸೀರೆಯ ನೆರಿಗೆ ಹಾಳಾಗುತ್ತದೆ. ನೀರು ಕುಡಿದರೆ ಶೌಚಾಲಯ ಹುಡುಕಬೇಕಾಗುತ್ತದೆ. ಶಾಸಕರು ತಡವಾಗಿ ಬಂದರೆ ಅವಳು ಅಷ್ಟೂ ಹೊತ್ತು ನಿಂತೇ ಇರುವಳು. ವೇದಿಕೆಯಲ್ಲಿ ಆಡುವ ಮಾತನ್ನು ಸುಪ್ರಿತಾ ಬರೆದುಕೊಡುತ್ತಿದ್ದರು. ಕೊನೆಗೆ ಸೆಲ್ಫಿ. ಸೊಂಟಕ್ಕೆ ಕೈ ಹಾಕುವವರ ಕೈಯನ್ನು ನಗುತ್ತಲೇ ತೆಗೆದು ಅವರ ಕೈಗೇ ಹೂಗುಚ್ಛ ಕೊಡುವ ಉಪಾಯವನ್ನು ಅವಳು ತಾನಾಗಿ ಕಲಿತಳು.

ಕಿರೀಟ ಅವಳ ಹತ್ತಿರ ಇರುತ್ತಿರಲಿಲ್ಲ. ಅದು ಸುಪ್ರಿತಾ ಅವರ ಪಾರ್ಲರಿನ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು, ಪ್ರತಿ ಕಾರ್ಯಕ್ರಮಕ್ಕೆ ಅವರ ಜೊತೆಯಲ್ಲೇ ಬರುತ್ತಿತ್ತು. ಹಿತ್ತಾಳೆಯ ಮೈ, ಗಾಜಿನ ಹರಳು, ಮುಂಭಾಗದಲ್ಲಿ ತಾವರೆ ಮೊಗ್ಗಿನ ಆಕಾರದ ಎತ್ತರದ ಮೊನೆಗಳು. ಭಾರವೆಲ್ಲ ಮುಂದಕ್ಕೆ. ಹಿಡಿತಕ್ಕೆ ಇದ್ದದ್ದು ಎರಡು ಬದಿಯ ಸಣ್ಣ ಬಾಚಣಿಗೆಗಳು ಮತ್ತು ಪಿನ್ನುಗಳು. ತಲೆ ನೆಟ್ಟಗಿದ್ದಾಗ ಭಾರ ನೆತ್ತಿಯ ಮೇಲೆ ಇಳಿಯುತ್ತದೆ. ತಲೆ ಸ್ವಲ್ಪ ಹೆಚ್ಚು ಬಾಗಿತೋ, ಭಾರ ಬಾಚಣಿಗೆಗಿಂತ ಮುಂದೆ ಬಂದು ಕಿರೀಟ ತನ್ನಷ್ಟಕ್ಕೆ ಮಗುಚುತ್ತದೆ. ಹಿಂದೊಂದು ವರ್ಷ ಯಾರದ್ದೋ ತಲೆಯಿಂದ ಹಾಗೆಯೇ ಬಿದ್ದು ಹರಳು ಚೂರಾಗಿತ್ತು. ಅಂದಿನಿಂದ ಎರಡು ನಿಯಮ ಬಂದವು. ವೇದಿಕೆಯ ಮೇಲೆ ಕಿರೀಟ ತೆಗೆಯಬಾರದು. ಕಿರೀಟ ಇರುವಾಗ ತಲೆ ಬಗ್ಗಿಸಬಾರದು, ಯಾರ ಮುಂದೆಯೂ.

ಮೂರನೆಯದೂ ಒಂದಿತ್ತು, ಒಳಗಿನ ನಿಯಮಗಳನ್ನು ಹೊರಗೆ ಹೇಳಬಾರದು ಎಂದು.

ನಗುವಿಗೆ ಬೇರೆ ತರಬೇತಿ ಇತ್ತು. ಹುಡುಗಿಯರನ್ನು ಕನ್ನಡಿಯ ಮುಂದೆ ನಿಲ್ಲಿಸಿ ನಗಲು ಹೇಳಿ, ಸುಪ್ರಿತಾ ಹಿಂದಿನಿಂದ ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಎತ್ತಿಹಾಕುತ್ತಿದ್ದರು. ಬೆಚ್ಚಿ ನಗು ಬಿಟ್ಟವಳು ಮೊದಲಿಂದ ಶುರುಮಾಡಬೇಕು. ಕೆಲವೊಮ್ಮೆ ತಟ್ಟೆ, ಕೆಲವೊಮ್ಮೆ ಬೆನ್ನಿಗೆ ತಣ್ಣೀರು, ಒಮ್ಮೊಮ್ಮೆ ಕಿವಿಯ ಹತ್ತಿರ ಬೈಗಳು.

“ಸ್ಟೇಜಲ್ಲಿ ಹಾವು ಬಂದ್ರೂ ಹಲ್ಲು ಮುಚ್ಚಬಾರ್ದು. ಗೊತ್ತಾಯ್ತಾ? ನಿನ್ನ ಮುಖ ನಿಂದಲ್ಲ ಈಗ.”

ಭವಿತಾ ಇದರಲ್ಲಿ ಎಲ್ಲರಿಗಿಂತ ಮುಂದಿದ್ದಳು. ಕೊನೆಕೊನೆಗೆ ತಟ್ಟೆ ಬಿದ್ದಾಗ ಅವಳ ನಗು ಇನ್ನಷ್ಟು ಅಗಲವಾಗುತ್ತಿತ್ತು. ಒಂದು ಕೆಲಸವನ್ನು ನೂರಾರು ಸಲ ಮಾಡಿದರೆ ಅದು ಮನಸ್ಸನ್ನು ಕೇಳದೆಯೇ ನಡೆಯುತ್ತದೆ.

ಬೆಳ್ಳಾರೆಯಲ್ಲಿ ಅಭಿಮಾನಿ ಬಳಗದವರು ಸನ್ಮಾನ ಇಟ್ಟುಕೊಂಡದ್ದು ವರ್ಷದ ನಡುವೆ. ಸಭಾಭವನ, ಪೇಟ, ಶಾಲು, ಹಣ್ಣಿನ ಬುಟ್ಟಿ. ವೇದಿಕೆಯಲ್ಲಿ ಮಾಯಿಲಪ್ಪ ಗೌಡರಿಗೂ ಕುರ್ಚಿ. ಕರೆಯಲು ಬಂದವರು ಹೋದ ಮೇಲೆ ಭವಿತಾಳಿಗೆ ಹೊಳೆದ ತೊಡಕು ಒಂದೇ. ಅವರ ಮನೆಗಳಲ್ಲಿ ಏನೇ ಒಳ್ಳೆಯದಾದರೂ ಮೊದಲು ಹಿರಿಯರ ಕಾಲು ಹಿಡಿಯಬೇಕು. ಸುಮ್ಮನೆ ಮುಟ್ಟಿ ಏಳುವುದಲ್ಲ, ಮೊಣಕಾಲೂರಿ, ಹಣೆ ಅವರ ಪಾದದ ಹತ್ತಿರಕ್ಕೆ ತರಬೇಕು. ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಒತ್ತುವ ತನಕ ಏಳುವ ಹಾಗಿಲ್ಲ.

ಅವಳು ಸುಪ್ರಿತಾಗೆ ಫೋನ್ ಮಾಡಿದಳು. “ಅಕ್ಕ, ಅಜ್ಜನ ಕಾಲು ಹಿಡಿಯುವಾಗ ಒಂದು ನಿಮಿಷ ಕಿರೀಟ ತೆಗೀಬಹುದಾ?”

“ತೆಗೀಬಾರ್ದು.”

“ಇಟ್ಕೊಂಡೇ ಬಗ್ಗಿದ್ರೆ?”

“ಬಗ್ಗಬಾರ್ದು. ಇದೆಂತ ಭವಿ, ಬಾಲವಾಡಿಯಾ? ಕೈ ಮುಗಿ, ಸಾಕು.”

ಸನ್ಮಾನದ ದಿನ ಬೆಳಿಗ್ಗೆ ಅವಳು ಮಂಡೆಕೋಲಿನ ಮನೆಯ ಜಗಲಿಯಲ್ಲಿ ಅಜ್ಜನ ಮುಂದೆ ಕೂತು ವಿಷಯ ಬಿಡಿಸಿ ಹೇಳಿದಳು. ಹೊರಗಿನವರಿಗೆ ಹೇಳಬಾರದ ನಿಯಮ, ಆದರೆ ಅಜ್ಜ ಹೊರಗಿನವರಲ್ಲ. ಮಾಯಿಲಪ್ಪ ಗೌಡರಿಗೆ ಅದು ಕೂಡಲೇ ಅರ್ಥವಾಯಿತು. ಪ್ರಾಯದಲ್ಲಿ ಅವರು ದೈವದ ಭಂಡಾರ ಹೊರುತ್ತಿದ್ದವರು. ದೈವಕ್ಕೆ ಉತ್ಸವ ನಡೆಯುವ ನೇಮದ ದಿನ ಅದರ ಬೆಳ್ಳಿಯ ಮುಖ, ಆಭರಣ ಇರುವ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮನೆಯಿಂದ ನೇಮದ ಜಾಗಕ್ಕೆ ನಡೆದು ಬರುವ ಕೆಲಸ ಅದು.

“ಭಂಡಾರ ತಲೇಲಿ ಇದ್ದಾಗ ನಾನು ನನ್ನ ಅಪ್ಪನಿಗೂ ತಲೆ ಬಗ್ಗಿಸಿದವ ಅಲ್ಲ,” ಎಂದರು. “ಅಪ್ಪನೇ ದಾರಿ ಬಿಟ್ಟು ಬದಿಗೆ ನಿಂತದ್ದು. ಹೊರೆ ಇದ್ದವ ಬಗ್ಗುದಿಲ್ಲ ಮಗಾ. ಈಗ ಹಿಡಿ ಕಾಲು, ಅಲ್ಲಿ ಬೇಡ.”

ಅವಳು ಮೊಣಕಾಲೂರಿ ಬಾಗಿದಳು. ಅಜ್ಜ ಬಲಗೈಯನ್ನು ಅವಳ ನೆತ್ತಿಯ ಮೇಲಿಟ್ಟು ಎಂದಿನ ಹಾಗೆ ಗಟ್ಟಿಯಾಗಿ ಒತ್ತಿದರು. ಅವರ ಲೆಕ್ಕದಲ್ಲಿ ಆ ದಿನದ ಆಶೀರ್ವಾದ ಅಲ್ಲಿಗೆ ಮುಗಿದಿತ್ತು.

ಸಭಾಭವನದಲ್ಲಿ ನಡೆದದ್ದನ್ನು ಕ್ರಮವಾಗಿ ಹೇಳದಿದ್ದರೆ ಅರ್ಥವಾಗುವುದಿಲ್ಲ. ಮಾಯಿಲಪ್ಪ ಗೌಡರ ಕಣ್ಣಿಗೆ ದಪ್ಪ ಗಾಜಿನ ಕನ್ನಡಕ, ಭವಿತಾಳೇ ಕೂರಿಸಿ ಕೊಟ್ಟದ್ದು. ಫೋಟೊ ತೆಗೆಯುವವನು ಬೆಳಕು ಗಾಜಿಗೆ ಹೊಡೆಯುತ್ತದೆ ಎಂದು ಅದನ್ನು ತೆಗೆಸಿ ಅವರ ಅಂಗಿಯ ಕಿಸೆಗೆ ಹಾಕಿದ. ಕನ್ನಡಕವಿಲ್ಲದೆ ಅವರಿಗೆ ಒಂದು ಮಾರು ದೂರದ ಮುಖವೂ ಮಂಜು. ಕಿವಿಯೂ ಮಂದ. ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ನುಂಗುತ್ತಿದ್ದರು. ಸಕ್ಕರೆ ಕಾಯಿಲೆ ಬೇರೆ.

ಶಾಲು ಹೊದಿಸಿಯಾಯಿತು. ನಿರೂಪಕನ ಉತ್ಸಾಹ ಏರಿತು. ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

“ಎಷ್ಟೇ ಎತ್ತರಕ್ಕೆ ಏರಿದರೂ ನಮ್ಮ ಮಣ್ಣಿನ ಸಂಸ್ಕಾರ ಮರೆಯದ ಮಗಳು! ಈಗ ಭವಿತಾ ತಮ್ಮ ಅಜ್ಜನ ಕಾಲು ಹಿಡಿದು ಆಶೀರ್ವಾದ ಪಡೆಯುತ್ತಾರೆ. ಜೋರಾದ ಚಪ್ಪಾಳೆ ಬರಲಿ!”

ಚಪ್ಪಾಳೆ ಬಂತು. ಭವಿತಾ ಕೈಮುಗಿದಳು. ಚಪ್ಪಾಳೆ ನಿಲ್ಲಲಿಲ್ಲ. ಮುಂದಿನ ಸಾಲಿನಿಂದ ಯಾರೋ, “ಕಾಲು! ಕಾಲು!” ಎಂದರು. ಧ್ವನಿವರ್ಧಕದಲ್ಲಿ ‘ಅಜ್ಜನ ಕಾಲು’ ಎಂಬುದಷ್ಟೇ ಕೇಳಿದ ಅಜ್ಜ, ಬೆಳಗ್ಗಿನ ಮಾತು ಬದಲಾಗಿರಬೇಕು ಎಂದುಕೊಂಡು ಚಪ್ಪಲಿ ಕಳಚಿ ಕಾಲು ಮುಂದೆ ಚಾಚಿದರು. ಭವಿತಾ ವೇದಿಕೆಯ ಬದಿಗೆ ನೋಡಿದಳು. ಪರದೆಯ ಮರೆಯಲ್ಲಿ ನಿಂತ ಸುಪ್ರಿತಾ ತಮ್ಮ ಗಲ್ಲದ ಕೆಳಗೆ ಬೆರಳಿಟ್ಟು ಮೇಲಕ್ಕೆತ್ತಿ ತೋರಿಸಿದರು. ಗಲ್ಲ ಮೇಲೆ.

ಅವಳಿಗೆ ಸಿಕ್ಕಿದ ದಾರಿ ಒಂದೇ. ಬೆನ್ನು, ಕುತ್ತಿಗೆ ನೆಟ್ಟಗಿಟ್ಟುಕೊಂಡು ಮೊಣಕಾಲು ಮಾತ್ರ ಮಡಚಿ ಕೆಳಗಿಳಿದು, ಕೈ ನೀಡಿ ಪಾದ ಮುಟ್ಟಿದಳು. ತಲೆ ಬಾಗಲಿಲ್ಲ, ಕಿರೀಟ ಬೀಳಲಿಲ್ಲ. ಕಾಲು ಮುಟ್ಟಿದ ಕೈ ಗೊತ್ತಾದ ಕೂಡಲೇ, ತಲೆ ಎಲ್ಲಿರಬೇಕೋ ಅಲ್ಲಿಗೆ ಅಜ್ಜನ ಬಲಗೈ ಇಳಿಯಿತು, ಎಂದಿನ ಹಾಗೆ ಗಟ್ಟಿಯಾಗಿ. ತಾವರೆ ಮೊಗ್ಗಿನ ಮೊನೆ ಅವರ ಅಂಗೈಯಲ್ಲಿ ಮಧ್ಯದ ಬೆರಳಿನ ಬುಡಕ್ಕೆ ಹೊಕ್ಕಿತು.

ಅಜ್ಜ, “ಹಾ” ಎಂದರು. ಕೈ ಎತ್ತಲು ಹೋದರು, ಮೊನೆ ಬಿಡಲಿಲ್ಲ. ಇನ್ನೊಮ್ಮೆ ಎಳೆದಾಗ ಬಂತು. ರಕ್ತ ಹರಳುಗಳ ಮೇಲಿಂದ ಅವಳ ಹಣೆಗೆ, ಹಣೆಯಿಂದ ಮೂಗಿನ ಬದಿಗೆ ಇಳಿಯಿತು. ಆ ಕೆಲವು ಸೆಕೆಂಡು ಭವಿತಾಳ ಮುಖ ತಟ್ಟೆ ಬಿದ್ದಾಗ ಮಾಡುತ್ತಿದ್ದುದನ್ನೇ ಮಾಡಿತು. ನಗು ಅಗಲವಾಯಿತು. ಎದುರಿಗಿದ್ದ ಎಲ್ಲ ಮೊಬೈಲುಗಳೂ ಅದನ್ನು ಹಿಡಿದುಕೊಂಡವು.

ಆಮೇಲೆ ಅವಳು ಕಿರುಚಿದಳು. ಎದೆಯ ಮೇಲಿದ್ದ ‘ಕರುನಾಡ ಸುಂದರಿ’ ಎಂಬ ಅಡ್ಡಪಟ್ಟಿಯನ್ನು ಕಿತ್ತು ಅಜ್ಜನ ಕೈಗೆ ಸುತ್ತಿದಳು. ಕುರ್ಚಿಯ ಹತ್ತಿರ ಕೂತು ಆ ಕೈಯನ್ನು ಎತ್ತಿ ಹಿಡಿದುಕೊಂಡೇ ಇದ್ದಳು. ಅದು ಯಾವ ವಿಡಿಯೊದಲ್ಲೂ ಇಲ್ಲ. ಆ ಹೊತ್ತಿಗೆ ಜನ ವೇದಿಕೆಯತ್ತ ನುಗ್ಗಿ ಅಡ್ಡ ನಿಂತಿದ್ದರು.

ಕಾರಿನಲ್ಲಿ ಸುಪ್ರಿತಾ ಸ್ಪಿರಿಟು, ಹತ್ತಿ ತೆಗೆದು ಕಿರೀಟ ಒರೆಸಿದರು. “ಅಡ್ಡಪಟ್ಟಿ ಹೋಯ್ತಲ್ಲ ಮಾರಾಯ್ತಿ! ಬಿಳಿ ಸ್ಯಾಟಿನ್, ಕಲೆ ಹೋಗುದಿಲ್ಲ. ಮನೆಯವರ ಶಾಲು ಇರ್ಲಿಲ್ವಾ ಸುತ್ತಲಿಕ್ಕೆ?”

ಮರುದಿನ ಬೆಳಿಗ್ಗೆಗೆ ವಿಡಿಯೊ ಕಾಸರಗೋಡಿನಿಂದ ಬೀದರಿನ ತನಕ ಹೋಗಿತ್ತು. ‘ಅಜ್ಜನ ಕೈಯಲ್ಲಿ ರಕ್ತ, ಮೊಮ್ಮಗಳ ಮುಖದಲ್ಲಿ ನಗು’ ಎಂದು ಅದಕ್ಕೆ ಯಾರೋ ತಲೆಬರಹ ಕೊಟ್ಟಿದ್ದರು. ಇನ್ನೊಬ್ಬರು ಆ ನಗುವನ್ನಷ್ಟೇ ಕತ್ತರಿಸಿ, ಹಿಂದೆ ಮುಂದೆ ಓಡಿಸಿ, ಡೋಲಿನ ಶಬ್ದ ಹಾಕಿದ್ದರು. ಕಿರೀಟ ಬಿಟ್ಟುಕೊಡದವಳು, ಕಾಲಿಗೆ ಬೀಳದವಳು, ರಕ್ತ ನೋಡಿ ಹಿಗ್ಗಿದವಳು. ಹಳೆಯ ಟೀಚರೊಬ್ಬರು ‘ಆಗಲೇ ಗೊತ್ತಿತ್ತು’ ಎಂದು ಬರೆದರು.

ಮಂಡೆಕೋಲಿನ ಮನೆಗೆ ನೆರೆಮನೆಯ ದುಗ್ಗಮ್ಮ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರು.

“ಹೇಗುಂಟು ಕೈ? ಪಾಪ, ಸಾಕಿದ ಕೈ ಅಲ್ವಾ. ಸ್ವಲ್ಪ ಬಟ್ಟೆ ಸರಿಸಿ ತೋರ್ಸಿ ನೋಡುವ.” ತೋರಿಸಿದಾಗ ಮೊಬೈಲ್ ತೆಗೆದರು. “ನಮ್ಮ ಮೂಡಬಿದ್ರೆಯ ಸೊಸೆಗೆ ಕಳಿಸ್ಬೇಕು. ಅವಳು ಸುಳ್ಳು ಅಂತ ಹೇಳುದು, ಕುಂಕುಮ ನೀರು ಅಂತೆ.”

ಕಮಲಾವತಿ ಮೊಬೈಲಿಗೂ ಅಂಗೈಗೂ ನಡುವೆ ನಿಂತು, “ಹಣ್ಣು ತೆಗೊಂಡು ಹೋಗಿ,” ಎಂದರು. ದುಗ್ಗಮ್ಮ ಹಣ್ಣು ತೆಗೆದುಕೊಂಡೇ ಹೋದರು. ‘ಗೌಡರ ಸೊಸೆಗೂ ಮೊಮ್ಮಗಳಿಗೂ ಒಂದೇ ಅಹಂಕಾರ’ ಎಂಬ ಸುದ್ದಿ ಸಂಜೆಯೊಳಗೆ ಊರಿಡೀ ಹರಡಿತು.

ಭವಿತಾ ಮಾಸ್ಕ್ ಹಾಕಿಕೊಂಡು ಪುತ್ತೂರಿಗೆ ಬಸ್ಸು ಹತ್ತಿದ ದಿನ ಅವಳ ಪಕ್ಕದ ಸೀಟಿನಲ್ಲೇ ಇಬ್ಬರು ಹೆಂಗಸರು ಆ ವಿಡಿಯೊ ನೋಡುತ್ತಿದ್ದರು.

“ಇದಕ್ಕೆಲ್ಲ ಮದುವೆ ಆಗ್ಲಿಕ್ಕುಂಟಾ?”

“ಆದ್ರೂ ಮಾವನ ಗತಿ ಎಂತ ಮಾರಾಯ್ರೆ! ಹೆಲ್ಮೆಟ್ ಹಾಕಿ ಆಶೀರ್ವಾದ ಮಾಡ್ಬೇಕಷ್ಟೆ.”

ಇಬ್ಬರೂ ಬಿದ್ದುಬಿದ್ದು ನಕ್ಕರು. ಒಬ್ಬಳು ಭವಿತಾಳ ತೊಡೆಗೆ ತಟ್ಟಿ ಮೊಬೈಲ್ ಹಿಡಿದಳು. “ನೋಡಿದ್ರಾ ಇದನ್ನು?”

“ನೋಡಿದ್ದೇನೆ,” ಎಂದಳು ಭವಿತಾ.

ಕಾರ್ಯಕ್ರಮಗಳು ಒಂದೊಂದಾಗಿ ಬಿದ್ದುಹೋದವು. ಕಡಬದ ಬಟ್ಟೆ ಅಂಗಡಿಯವರು ತಮ್ಮ ಊರಿನ ದೀಪ್ತಿಯೇ ಸಾಕು ಎಂದರು. ದೀಪ್ತಿ ಹೋದಳು. ಅಂಗಡಿಯ ಯಜಮಾನರ ತಾಯಿಯ ಕಾಲಿಗೆ ನೆಲ ಮುಟ್ಟುವ ಹಾಗೆ ಬಾಗಿದಳು. ಕಪಾಟಿನಲ್ಲಿದ್ದ ಕಿರೀಟವನ್ನು ಅವಳಿಗೆ ಕೊಟ್ಟಿರಲಿಲ್ಲ, ಹಾಗಾಗಿ ಬಾಗಲು ತಲೆ ಖಾಲಿಯಿತ್ತು. ಆ ಫೋಟೊಕ್ಕೆ ಬಂದ ಮೆಚ್ಚುಗೆ ನೋಡಿದ ಸ್ಪರ್ಧೆಯ ಸಂಸ್ಥೆಯವರು ಅದೇ ವಾರ ನಿಯಮ ಬದಲಿಸಿದರು. ಇನ್ನು ಮುಂದೆ ಪ್ರತಿ ಕಾರ್ಯಕ್ರಮದಲ್ಲೂ ಕಿರೀಟ ತೆಗೆದು ಹಿರಿಯರ ಕಾಲು ಹಿಡಿಯಬೇಕು, ಅದು ಕಡ್ಡಾಯ.

ಸುಪ್ರಿತಾ ಇದನ್ನು ಭವಿತಾಳಿಗೆ ಪಾರ್ಲರಿನಲ್ಲಿ ಗಿರಾಕಿಯೊಬ್ಬರ ಹುಬ್ಬು ತಿದ್ದುತ್ತಲೇ ಹೇಳಿದರು. ಬಾಯಲ್ಲಿ ನೂಲಿನ ತುದಿ ಇತ್ತು. “ಬೆಂಗಳೂರಿಂದ ಫೋನ್ ಬಂದಿತ್ತು. ನೀನು ಕ್ಷಮೆ ಕೇಳುವ ವಿಡಿಯೊ ಬೇಕಂತೆ. ಅಜ್ಜನ ಕಾಲು ಹಿಡೀಬೇಕು, ಕಿರೀಟದ ಅಮಲಲ್ಲಿ ಹಾಗೆ ಮಾಡಿದೆ ಅಂತ ಹೇಳ್ಬೇಕು, ಅಜ್ಜ ಅದೇ ಕೈಯನ್ನು ತಲೆ ಮೇಲೆ ಇಡ್ಬೇಕು. ಇಲ್ಲಾದ್ರೆ ದೀಪ್ತಿ.”

“ಬಗ್ಗಬಾರ್ದು ಅಂತ ಹೇಳಿದ್ದು ನೀವೇ ಅಲ್ವಾ ಅಕ್ಕ?”

“ಹೌದು. ಅದನ್ನು ಹೊರಗೆ ಹೇಳ್ಬಾರ್ದು ಅಂತ ಹೇಳಿದ್ದೂ ನಾನೇ. ಸೈನ್ ಮಾಡಿದ್ದು ನೀನು.”

ಹುಬ್ಬು ತಿದ್ದಿಸಿಕೊಳ್ಳುತ್ತಿದ್ದವರು ಕಣ್ಣು ಮುಚ್ಚಿಕೊಂಡೇ, “ಕೇಳಿಬಿಡಮ್ಮ, ಕ್ಷಮೆ ಕೇಳ್ಲಿಕ್ಕೆ ಎಂತ ಖರ್ಚುಂಟು?” ಎಂದರು.

ಭವಿತಾ ಕೆಳಗಿಳಿದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಳು. ಜಸೀನಾ ಚಹಾ ತಂದಿಟ್ಟಳು. “ಬಿಟ್ಟುಬಿಡು ಅದನ್ನು. ಇಲ್ಲಿ ಸ್ಟೂಲ್ ಖಾಲಿಯೇ ಉಂಟು.”

“ಅರ್ಧದಲ್ಲಿ ಇಳಿಸುದಿಲ್ಲ ಅಂತ ಅಜ್ಜನಿಗೆ ಹೇಳಿದ್ದೇನೆ.”

“ಆ ಅಜ್ಜನನ್ನೇ ಕೇಳು ಹಾಗಾದ್ರೆ.”

ಕೇಳಿದಳು. ಅಜ್ಜ, “ಬರ್ಲಿ, ನಾನು ಹೇಳ್ತೇನೆ,” ಎಂದರು. ತಾನು ಕ್ಯಾಮೆರಾದ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಜನ ಕೇಳುತ್ತಾರೆ ಎಂದು ಅವರು ನಂಬಿದ್ದರು. ಭವಿತಾಳೂ ನಂಬಿದಳು.

ಚಿತ್ರೀಕರಣದ ದಿನ ಅಜ್ಜನ ಗಾಯಕ್ಕೆ ಸುಳ್ಯದಲ್ಲಿ ಡ್ರೆಸ್ಸಿಂಗ್ ಬದಲಾಯಿಸುವುದಿತ್ತು. ಗಾಯ ಬಾಯಿ ಮುಚ್ಚತೊಡಗಿತ್ತು. ಕಮಲಾವತಿ ಜೀಪಿಗೆ ಹೇಳಿಟ್ಟಿದ್ದರು. ಆದರೆ ಸುಪ್ರಿತಾ ಮತ್ತು ಕ್ಯಾಮೆರಾದವರು ಅದಕ್ಕಿಂತ ಮೊದಲೇ ಬಂದಿಳಿದರು.

“ಹೊಸ ಬಟ್ಟೆ ಕಟ್ಟುದು ಬೇಡ ಈಗ. ಇದರಲ್ಲಿ ಸ್ವಲ್ಪ ಕಲೆ ಉಂಟಲ್ಲ, ಅದೇ ಒಳ್ಳೆದು. ಮುಗಿಸಿ ಹೋಗಿ, ಎಷ್ಟು ಹೊತ್ತಿನ ಕೆಲಸ?”

ಕಮಲಾವತಿ ಮಗಳ ಮುಖ ನೋಡಿದರು. ಮಗಳು ಒಂದು ಕ್ಷಣ ಜೀಪಿನ ಕಡೆ ನೋಡಿ, “ಬೇಗ ಮುಗೀತದೆ ಅವ್ವ,” ಎಂದಳು.

ಮೊದಲು ಅಜ್ಜನ ಮಾತು ತೆಗೆದರು. ಅವರು ಕನ್ನಡಕ ಹಾಕಿ, ಅಂಗಿಯ ಗುಂಡಿ ಮೇಲಿನ ತನಕ ಹಾಕಿ, ಕ್ಯಾಮೆರಾವನ್ನೇ ನೋಡಿ ನಿಧಾನವಾಗಿ ಹೇಳಿದರು. ಬೆಳಿಗ್ಗೆಯೇ ಮನೆಯಲ್ಲಿ ಕಾಲು ಹಿಡಿದಿದ್ದಳು. ತಲೆಯಲ್ಲಿ ಹೊರೆ ಇದ್ದವರು ಬಗ್ಗುದಿಲ್ಲ, ನಾನೂ ಬಗ್ಗಲಿಲ್ಲ. ನನ್ನ ಕನ್ನಡಕ ತೆಗೆಸಿದ್ದರು. ಒತ್ತಿದ್ದು ನಾನು. ಇದರಲ್ಲಿ ಅವಳದ್ದು ತಪ್ಪು ಇಲ್ಲ.

“ತುಂಬ ಚೆನ್ನಾಗಿ ಬಂತು ಅಜ್ಜ,” ಎಂದರು ಸುಪ್ರಿತಾ.

ಆಮೇಲೆ ಭವಿತಾಳ ಸರದಿ. ಅವಳು ಮೊಣಕಾಲೂರಿ ಬಾಗಿ, ಕಲಿಸಿಕೊಟ್ಟ ಮಾತು ಹೇಳಿದಳು. ಕಿರೀಟದ ಅಮಲಿನಲ್ಲಿ ಹಿರಿಯರನ್ನು ಮರೆತೆ, ಕನ್ನಡಿಗರೆಲ್ಲ ಕ್ಷಮಿಸಬೇಕು. ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟರು. ಕೋಳಿ ಕೂಗಿತು ಎಂದು ಇನ್ನೊಮ್ಮೆ. ಕೈ ಕ್ಯಾಮೆರಾಕ್ಕೆ ಕಾಣಲಿಲ್ಲ ಎಂದು ಮತ್ತೊಮ್ಮೆ. “ಅಳು ಬರ್ತಾ ಇಲ್ಲ, ಅದೇ ಹಾಳು ನಗು ಬರ್ತದೆ ನಿಂಗೆ,” ಎಂದು ಮತ್ತೆ ಮತ್ತೆ. “ಅಜ್ಜ, ಸ್ವಲ್ಪ ಗಟ್ಟಿ ಒತ್ತಿ. ತೇಲಿಸಿ ಇಟ್ಟ ಹಾಗೆ ಕಾಣ್ತದೆ.” ಅಜ್ಜ ಒತ್ತಿದರು. ಭವಿತಾಳಿಗೆ ಕೂದಲಿನ ಮೂಲಕ ಬಟ್ಟೆಯ ಒದ್ದೆ ತಾಗಿದಾಗ ಅಳು ಬಂತು, ಆಗ ಸರಿಯಾಯಿತು. ಕ್ಯಾಮೆರಾದವರು ಹೊರಡುವಾಗ ಸುಳ್ಯದ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆ ಮುಚ್ಚುವ ಹೊತ್ತು ಮೀರಿತ್ತು.

ವಿಡಿಯೊ ಬಂತು. ಅದರಲ್ಲಿ ಅವಳ ಅಳು ಇತ್ತು, ಕಲೆಯಾದ ಬಟ್ಟೆ ಸುತ್ತಿದ ಕೈ ಇತ್ತು, ಹಿನ್ನೆಲೆಯಲ್ಲಿ ಕೊಳಲು ಇತ್ತು. ಅಜ್ಜ ಆಡಿದ ಒಂದು ಮಾತೂ ಇರಲಿಲ್ಲ. ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು, ಅದರ ಮೇಲೆ ಅಕ್ಷರಗಳು ಮೂಡಿದ್ದವು: ‘ಕ್ಷಮಿಸಿದ್ದೇನೆ ಮಗಳೇ’.

ಮಾಯಿಲಪ್ಪ ಗೌಡರು ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಕೊನೆಯವರೆಗೂ ನೋಡಿದರು. “ನಾ ಹೇಳಿದ್ದು ಎಲ್ಲಿ?” ಎಂದು ಕೇಳಿದರು. ಮತ್ತೆ ಕೇಳಲಿಲ್ಲ.

ಗಾಯ ತೆರೆದುಕೊಂಡಿತ್ತು. ಅಂಗೈ ಬಾತು ಕೆಂಪಾಗಿ, ಬಳಿಕ ನೇರಳೆಯಾಯಿತು. ಪುತ್ತೂರಿನ ಆಸ್ಪತ್ರೆಯಲ್ಲಿ ಕೀವು ತೆಗೆದರು. ಸೋಂಕು ಸ್ನಾಯುರಜ್ಜುವಿನ ಪೊರೆ ಹಿಡಿದು ಬೆರಳಿನೊಳಗೆ ಏರಿದೆ, ಸಕ್ಕರೆ ಇರುವವರಿಗೆ ಕಾಯುವುದು ಅಪಾಯ ಎಂದು ಮಧ್ಯದ ಬೆರಳು ತೆಗೆಯಲು ನಿರ್ಧರಿಸಿದರು. ಯಾವ ದಿನದ ಕೊಳೆ ಒಳಹೊಕ್ಕಿತು ಎಂದು ವೈದ್ಯರೂ ಹೇಳಲಾರರು. ಮೊದಲ ದಿನದ್ದೇ ಇರಬಹುದು. ‘ಮುಚ್ಚಿದ ಗಾಯ ಮತ್ತೆ ತೆರೆದದ್ದು ಹೇಗೆ’ ಎಂದಷ್ಟೇ ಅವರು ಕೇಳಿದ್ದು. ಭವಿತಾ, “ನಾವೇ ಒತ್ತಿಸಿದ್ದು,” ಎಂದಳು.

ಬೆರಳು ತೆಗೆಯುವ ದಿನ ಅವಳಿಗೆ ಪುತ್ತೂರಿನಲ್ಲೇ ಒಂದು ಕಾರ್ಯಕ್ರಮ ಇತ್ತು, ಕ್ಷಮೆಯ ನಂತರದ ಮೊದಲನೆಯದು. ತಪ್ಪಿಸಿದರೆ ದೀಪ್ತಿ ಎಂದು ಸುಪ್ರಿತಾ ಮೊದಲೇ ಹೇಳಿದ್ದರು. ಅವಳು ಅಜ್ಜನ ಮಂಚದ ಹತ್ತಿರ ಕೂತು, “ನಾನು ಹೋಗುದಿಲ್ಲ. ಸಾಕು ಇದು,” ಎಂದಳು.

“ಈಗ ಬಿಟ್ಟರೆ ಬೆರಳು ಹೋದದ್ದು ಎಂತಕ್ಕೆ?” ಎಂದರು ಅಜ್ಜ. ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದರು. “ಭಂಡಾರವನ್ನು ದಾರಿ ಬದಿಯಲ್ಲಿ ಇಡ್ಲಿಕ್ಕಾಗ್ತದಾ? ಇಳಿಸುವ ಜಾಗದಲ್ಲೇ ಇಳಿಸು. ಹೋಗು.”

ಅವಳು ಹೋದಳು. ಆಸ್ಪತ್ರೆಯಿಂದ ಎರಡು ತಿರುವು ದಾಟಿದರೆ ಆ ಮಂಟಪ. ಹೊಸ ನಿಯಮದಂತೆ ಕಿರೀಟ ತೆಗೆದಿಟ್ಟು, ಸಾಲಾಗಿ ಕೂತ ಹಿರಿಯರ ಕಾಲು ಒಬ್ಬೊಬ್ಬರದಾಗಿ ಹಿಡಿದಳು. ಪ್ರತಿಯೊಬ್ಬರೂ ಅವಳ ತಲೆಯ ಮೇಲೆ ಕೈಯಿಟ್ಟರು. ಒಬ್ಬರು ಇಡುವ ಮೊದಲು ಸಭೆಗೆ ತಮ್ಮ ಅಂಗೈ ತೋರಿಸಿ, “ಮುಳ್ಳಿಲ್ಲ ತಾನೆ?” ಎಂದರು. ಸಭೆ ಗೊಳ್ಳೆಂದು ನಕ್ಕಿತು. ಅವಳೂ ನಕ್ಕಳು.

ವರ್ಷ ಮುಗಿಯುವ ತನಕ ಎಲ್ಲ ಕಡೆ ಹೀಗೆಯೇ ನಡೆಯಿತು. ಮಂಗಳೂರಿನ ಅಂತಿಮ ಸ್ಪರ್ಧೆಯಲ್ಲಿ ಅವಳನ್ನು ವೇದಿಕೆಗೆ ಕರೆದದ್ದು ‘ತಪ್ಪನ್ನು ತಿದ್ದಿಕೊಂಡ ನಮ್ಮ ಸುಂದರಿ’ ಎಂದು. ಗೆದ್ದವಳು ಹುಬ್ಬಳ್ಳಿಯ ಹುಡುಗಿ, ಸಂತೋಷಕ್ಕೆ ಮೈಯೆಲ್ಲ ನಡುಗುತ್ತಿದ್ದಳು. ಭವಿತಾ ಕಿರೀಟ ಇಟ್ಟು, ಬಾಚಣಿಗೆಗಳನ್ನು ಒಳಕ್ಕೆ ಒತ್ತಿ, ಪಿನ್ನು ಸಿಕ್ಕಿಸಿದಳು. ಕನ್ನಡಕ ಕೂರಿಸುವಾಗಿನಂತೆ ಎಲ್ಲಿ ಒತ್ತುತ್ತದೆ ಎಂದು ಬೆರಳಿನಿಂದ ಮುಟ್ಟಿ ನೋಡಿದಳು. ಎಲ್ಲ ಕಡೆಯೂ ಒತ್ತುತ್ತಿತ್ತು.

“ಅಕ್ಕಾ, ಭಾಳ ಚುಚ್ಚತೈತಿ,” ಎಂದಿತು ಹುಡುಗಿ ಮೆಲ್ಲಗೆ.

“ಚುಚ್ತದೆ. ಗಲ್ಲ ಮೇಲೆ ಮಾಡು. ನಗು.”

ಇಳಿಸುವ ಜಾಗದಲ್ಲಿ ಇಳಿಸಿಯಾಯಿತು. ಅವಳ ಹೆಸರು ವಿಜೇತರ ಸಾಲಿನಲ್ಲಿ ಉಳಿಯಿತು.

ಮರುದಿನ ಅವಳು ಮಂಡೆಕೋಲಿಗೆ ಹೋದಾಗ ಅಜ್ಜ ಜಗಲಿಯಲ್ಲಿದ್ದರು. ಎಡಗೈಯಲ್ಲಿ ಸುಣ್ಣ ಹಚ್ಚಲು ಇನ್ನೂ ಅಭ್ಯಾಸವಾಗದೆ ಎಲೆ ಹರಿದಿತ್ತು, ಬೆರಳಿನ ಸುಣ್ಣ ಪಂಚೆಗೂ ತಾಗಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವಳು ಮೊದಲು ಅದನ್ನು ತೆಗೆದು, ಒರೆಸಿ, ಕಡ್ಡಿ ಸರಿಮಾಡಿ ಮತ್ತೆ ಕೂರಿಸಿದಳು.

“ಮುಗೀತಾ?” ಎಂದರು.

“ಮುಗೀತು ಅಜ್ಜ. ನಾನೇ ಇಟ್ಟೆ ಅವಳಿಗೆ.”

“ಒಳ್ಳೆದಾಯ್ತು.”

ಅವಳು ಮೊಣಕಾಲೂರಿದಳು. ಬಾಗಿ ಅವರ ಎರಡೂ ಪಾದ ಹಿಡಿದು, ಹಣೆ ತಾಗಿಸಿ ಕಾದಳು. 

ಮಾಯಿಲಪ್ಪ ಗೌಡರು ಬಲಗೈ ಎತ್ತಿದರು. ಅದು ಅವಳ ನೆತ್ತಿಯಿಂದ ಒಂದು ಗೇಣು ಮೇಲೆ ಬಂದು ನಿಂತಿತು. ಅವರು ಅದನ್ನು ಕೆಳಗಿಳಿಸಲು ನೋಡಿದರು. ಕೈ ಇಳಿಯಲಿಲ್ಲ.

“ಕಿರೀಟ ಇಲ್ಲ ಅಜ್ಜ,” ಎಂದಳು ಅವಳು ನೆಲಕ್ಕೆ.

“ಗೊತ್ತುಂಟು ಮಗಾ. ಕಾಣ್ತದೆ ನಂಗೆ.”

ಅವಳು ಏಳಲಿಲ್ಲ. ಕೈಯೊತ್ತುವ ತನಕ ಏಳುವ ಹಾಗಿಲ್ಲ. ಒಳಗಿನಿಂದ ಬಂದ ಕಮಲಾವತಿ, ಇಬ್ಬರೂ ಹಾಗೆಯೇ ಇರುವುದನ್ನು ನೋಡಿ ಬಾಗಿಲಲ್ಲೇ ನಿಂತರು.